ಹಳೆ ರೇಡಿಯೋ ಡಯಲ್‌ನ ಗೆರೆಗಳನ್ನು ಇಂಕ್‌ಸ್ಕೇಪಿನಲ್ಲಿ ಮತ್ತೆ ಬರೆಯುವುದು ಹೇಗೆ

ಆಳಂದದಲ್ಲಿ ನಮ್ಮ ದೊಡ್ಡಪ್ಪನ ಮನೆ. ಅಲ್ಲಿ ದೇವರ ಮಾಡದ ಪಕ್ಕದ ಹಲಗೆಯ ಮೇಲೆ ಒಂದು ವಾಲ್ವ್ ರೇಡಿಯೋ ಇತ್ತು. ದೊಡ್ಡಪ್ಪ ಹೋದ ಮೇಲೆ ಅದು ಕಲಬುರಗಿಯ ನಮ್ಮ ಮನೆಗೆ ಬಂತು. ಒಳಗಿನ ರಿಪೇರಿ ಅಷ್ಟೇನೂ ಕಷ್ಟ ಆಗಲಿಲ್ಲ. ಕಂಡೆನ್ಸರ್‌ಗಳನ್ನು ಬದಲಾಯಿಸಿದೆ, ಒಂದು ವಾಲ್ವ್ ಹಾಕಿದೆ, ದನಿ ಬಂತು. ಕಷ್ಟ ಇದ್ದದ್ದು ಮುಂದಿನ ಗಾಜಿನಲ್ಲಿ. ಹಿಂಬದಿಯ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಅಂಕಿಗಳಲ್ಲಿ ಅರ್ಧ ಉಳಿದಿದ್ದವು, ಅರ್ಧ ಹೋಗಿದ್ದವು.

ಆ ಗಾಜನ್ನು ಹೊಸದಾಗಿ ಮಾಡಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರೇಡಿಯೋ ರಿಪೇರಿ ಗೊತ್ತಿರಬೇಕು ಅಂತೇನಿಲ್ಲ. ಕಂಪ್ಯೂಟರ್‌ನಲ್ಲಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಇರಲಿ, ಅದು ಉಚಿತ. ಲೆಕ್ಕ ಹಾಕಲು ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಎಕ್ಸೆಲ್ ಯಾವುದಾದರೂ ನಡೆಯುತ್ತದೆ. ಒಂದು ಸ್ಟೀಲ್ ಸ್ಕೇಲು ಬೇಕು, ಒಂದೆರಡು ಸಂಜೆಯ ಬಿಡುವು ಬೇಕು.

ಗೆರೆಗಳು ಸಮ ಯಾಕಿಲ್ಲ?

ಯಾವುದೇ ಹಳೆ ಮೀಡಿಯಂ ವೇವ್ ಡಯಲ್ ನೋಡಿ. 600 ಕಿಲೋಹರ್ಟ್ಜ್‌ನಿಂದ 700ರವರೆಗೆ ಅಗಲ ಜಾಗ. 1400ರಿಂದ 1500ಕ್ಕೆ ಬಂದರೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ. ನಾಬ್ ತಿರುಗಿಸಿದಾಗ ದಾರ ಎಳೆಯುತ್ತದೆ, ಮುಳ್ಳು ಓಡುತ್ತದೆ. ಮುಳ್ಳು ಮಾತ್ರ ಸಮವಾಗಿಯೇ ಓಡುತ್ತದೆ. ಏರುಪೇರು ಬರುವುದು ಒಳಗಿನ ಗ್ಯಾಂಗ್ ಕಂಡೆನ್ಸರ್‌ನಿಂದ.

ಗ್ಯಾಂಗ್ ಅಂದರೆ ಒಂದರೊಳಗೆ ಒಂದು ತೂರಿಕೊಳ್ಳುವ ಅಲ್ಯುಮಿನಿಯಂ ಎಲೆಗಳು. ಎಲೆಗಳು ಪೂರ್ತಿ ಒಳಗಿದ್ದರೆ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಶಕ್ತಿ) ಜಾಸ್ತಿ, ಆಗ ರೇಡಿಯೋ 550ರ ಕಡೆ ಇರುತ್ತದೆ. ಎಲೆಗಳು ಹೊರಗೆ ಬಂದಂತೆಲ್ಲ 1600ರ ಕಡೆ ಹೋಗುತ್ತದೆ. ಫ್ರೀಕ್ವೆನ್ಸಿಯು ಕೆಪಾಸಿಟೆನ್ಸಿನ ವರ್ಗಮೂಲಕ್ಕೆ ವಿಲೋಮ. ಅಂದರೆ ಕೆಪಾಸಿಟೆನ್ಸ್ ನಾಲ್ಕನೇ ಒಂದು ಪಾಲಿಗೆ ಇಳಿದರೆ ಫ್ರೀಕ್ವೆನ್ಸಿ ಎರಡರಷ್ಟು ಆಗುತ್ತದೆ. 530ರಿಂದ 1600ಕ್ಕೆ ಹೋಗಲು ಸುಮಾರು ಒಂಬತ್ತು ಪಟ್ಟು ಕಮ್ಮಿ ಆಗಬೇಕು. ಎಲೆಗಳು ಹೆಚ್ಚುಕಮ್ಮಿ ಹೊರಗೆ ಬಂದಾಗ ಸ್ವಲ್ಪ ತಿರುಗಿಸಿದರೂ ಫ್ರೀಕ್ವೆನ್ಸಿ ಬಹಳ ಜಿಗಿಯುತ್ತದೆ. ಅದಕ್ಕೇ ಆ ತುದಿಯಲ್ಲಿ ಗೆರೆಗಳ ದಟ್ಟಣೆ. ಇದನ್ನು ಕಮ್ಮಿ ಮಾಡಲೆಂದು ಕಂಪನಿಗಳು ಎಲೆಗಳ ಆಕಾರವನ್ನೇ ಬದಲಾಯಿಸಿದವು. ಅರ್ಧಚಂದ್ರದ ಬದಲು ಒಂದು ಕಡೆ ಸೊರಗಿದ ಎಲೆಗಳನ್ನು ನೀವೂ ನೋಡಿರಬಹುದು. ಹಾಗಿದ್ದರೂ ಅಂತರ ಪೂರ್ತಿ ಸಮ ಆಗುವುದಿಲ್ಲ.

ಇಷ್ಟು ಹೇಳಲು ಕಾರಣ ಇದೆ. ಒಂದೊಂದು ಮಾಡೆಲ್‌ನ ಗ್ಯಾಂಗ್, ಕಾಯಿಲ್, ಟ್ರಿಮ್ಮರ್ (ಸೂಕ್ಷ್ಮವಾಗಿ ಹೊಂದಿಸುವ ಪುಟ್ಟ ಕಂಡೆನ್ಸರ್) ಬೇರೆ ಬೇರೆ. ಆದ್ದರಿಂದ ಅಂತರಗಳೂ ಬೇರೆ. ಬೇರೆ ರೇಡಿಯೋದ ಡಯಲ್ ಚಿತ್ರ ತಂದು ಎಳೆದು ಹಿಗ್ಗಿಸಿ ಕೂರಿಸಬೇಡಿ. ನಿಮ್ಮ ಗಾಜಿನ ಮೇಲೆ ಉಳಿದಿರುವ ಗೆರೆಗಳೇ ನಿಮಗೆ ದಾರಿ.

ಗಾಜನ್ನು ಬಿಚ್ಚುವಾಗ

ಮೊದಲು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ವಾಲ್ವ್ ರೇಡಿಯೋದಲ್ಲಿ 200 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ನಲ್ಲಿ ಅದು ಉಳಿದಿರಬಹುದು. ಎಸಿ-ಡಿಸಿ ಎರಡಕ್ಕೂ ನಡೆಯುವ ಸೆಟ್‌ಗಳಲ್ಲಿ ತಗಡಿನ ಚಾಸಿಗೇ ಕರೆಂಟ್ ಬರುತ್ತದೆ. ಅಭ್ಯಾಸ ಇಲ್ಲದಿದ್ದರೆ ಬಿಚ್ಚುವ ಕೆಲಸವನ್ನು ತಿಳಿದವರ ಕೈಯಲ್ಲಿ ಮಾಡಿಸಿ.

ಬಿಚ್ಚಿದ ಗಾಜನ್ನು ದಯವಿಟ್ಟು ಒರೆಸಬೇಡಿ. ಬರಹ ಇರುವುದು ಗಾಜಿನ ಹಿಂಬದಿಗೆ. ಆ ಬಣ್ಣಕ್ಕೆ ಐವತ್ತು ಅರವತ್ತು ವರ್ಷ ಆಗಿರುತ್ತದೆ. ಬಲ್ಬಿನ ಬಿಸಿ, ನಮ್ಮ ಊರಿನ ಬೇಸಿಗೆ ಎರಡೂ ಸೇರಿ ಅದನ್ನು ಒಣಗಿಸಿರುತ್ತವೆ. ನಮ್ಮ ಗಾಜಿನ ಬಲ ಮೂಲೆಯಲ್ಲಿ ಊರಿನ ಹೆಸರೊಂದು ಇತ್ತು. ಧೂಳು ಅಂತ ಒದ್ದೆ ಬಟ್ಟೆ ಆಡಿಸಿದೆ. ಒಂದೇ ಸಲಕ್ಕೆ ಹೆಸರು ಬಟ್ಟೆಗೆ ಬಂತು. ಯಾವ ಊರು ಅಂತ ಓದಿಯೂ ಇರಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಮುಂಬದಿಯನ್ನು ಒಣ ಹತ್ತಿಯಿಂದ ಒರೆಸಬಹುದು. ಹಿಂಬದಿಗೆ ಬ್ರಷ್ ಕೂಡ ಬೇಡ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ನಾಲ್ಕೈದು ಕೋನದಿಂದ.

ಸ್ಕ್ಯಾನ್

ಫೋಟೋಗಿಂತ ಸ್ಕ್ಯಾನರ್ ಮೇಲು. ಮೊಬೈಲ್ ಲೆನ್ಸು ಅಂಚುಗಳನ್ನು ಸ್ವಲ್ಪ ಬಗ್ಗಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳತೆಯಲ್ಲಿ ಕಾಣುತ್ತದೆ. ಸಾದಾ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. 600 ಡಿಪಿಐ ಇಡಿ, ಜೊತೆಗೆ ಸ್ಟೀಲ್ ಸ್ಕೇಲನ್ನು ಗಾಜಿನ ಪಕ್ಕದಲ್ಲೇ ಇಟ್ಟು ಸ್ಕ್ಯಾನ್ ಮಾಡಿ. ಇದನ್ನು ಮರೆಯಬೇಡಿ. ಮುಂದಿನ ಎಲ್ಲ ಅಳತೆಗೂ ಆ ಸ್ಕೇಲೇ ಸಾಕ್ಷಿ.

ಕಮ್ಮಿ ಬೆಲೆಯ ಸ್ಕ್ಯಾನರ್‌ಗಳು ತಮ್ಮ ಗಾಜಿಗೆ ತಾಗಿರುವ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತವೆ. 3 ಮಿಲಿಮೀಟರ್ ಮೇಲಿದ್ದರೂ ಮಂಜಾಗುತ್ತದೆ. ಆದ್ದರಿಂದ ಬಣ್ಣದ ಕಡೆಯನ್ನೇ ಕೆಳಗೆ ಇಡಬೇಕು. ಎತ್ತಿ ಇಡಿ, ಎಳೆಯಬೇಡಿ. ಹೀಗೆ ಇಟ್ಟರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದೆ. ಪರವಾಗಿಲ್ಲ, ಇಂಕ್‌ಸ್ಕೇಪಿನಲ್ಲಿ ಚಿತ್ರವನ್ನು ಆರಿಸಿ ಹೆಚ್ ಕೀಲಿ ಒತ್ತಿದರೆ ಸರಿಯಾಗುತ್ತದೆ.

ಸ್ಕ್ಯಾನರ್ ಸಿಗದಿದ್ದರೆ ಒಂದು ಉಪಾಯ. ಗಾಜನ್ನು ಶಹಾಬಾದ್ ಫರ್ಸಿಯ ಮೇಲೆ ಗ್ರಾಫ್ ಪೇಪರ್ ಹಾಸಿ ಇಡಿ. ಪಾಲಿಶ್ ಮಾಡಿದ ಫರ್ಸಿಗಿಂತ ಚಪ್ಪಟೆಯಾದ ಜಾಗ ಮನೆಯಲ್ಲಿ ಸಿಗುವುದು ಕಷ್ಟ. ಮೊಬೈಲನ್ನು ಒಂದೂವರೆ ಮೀಟರ್ ದೂರದಿಂದ, ಜೂಮ್ ಹಾಕಿ, ನೇರ ಮೇಲಿನಿಂದ ಹಿಡಿಯಿರಿ. ಗ್ರಾಫಿನ ಚೌಕಗಳು ಎಲ್ಲ ಕಡೆ ಚೌಕವಾಗಿಯೇ ಕಂಡರೆ ಫೋಟೋ ನಂಬಬಹುದು.

ಇಂಕ್‌ಸ್ಕೇಪಿನಲ್ಲಿ ನೆಲೆ ಹಾಕುವುದು

ಹೊಸ ಫೈಲ್ ತೆರೆಯಿರಿ. ಡಾಕ್ಯುಮೆಂಟ್ ಪ್ರಾಪರ್ಟೀಸಿನಲ್ಲಿ ಅಳತೆಯನ್ನು ಮಿಲಿಮೀಟರ್‌ಗೆ ಬದಲಾಯಿಸಿ. ಪುಟದ ಅಗಲವನ್ನು ಗಾಜಿಗಿಂತ ಸ್ವಲ್ಪ ದೊಡ್ಡದಾಗಿ ಇಡಿ. ಸ್ಕ್ಯಾನ್ ಚಿತ್ರವನ್ನು ಇಂಪೋರ್ಟ್ ಮಾಡುವಾಗ ಎಂಬೆಡ್ ಅನ್ನುವುದನ್ನೇ ಆರಿಸಿ. ಆಗ ಚಿತ್ರ ಫೈಲಿನೊಳಗೇ ಇರುತ್ತದೆ, ಫೋಲ್ಡರ್ ಬದಲಾಯಿಸಿದರೂ ಕಳೆದುಹೋಗುವುದಿಲ್ಲ.

ಈಗ ಅಳತೆ ಹೊಂದಿಸಬೇಕು. ಚಿತ್ರದಲ್ಲಿರುವ ಸ್ಟೀಲ್ ಸ್ಕೇಲಿನ 0 ಮತ್ತು 150ರ ಗೆರೆಗಳ ಮೇಲೆ ಒಂದೊಂದು ಗೈಡ್ ಗೆರೆ ತನ್ನಿ. ಗೈಡ್ ಅಂದರೆ ಪಕ್ಕದ ಅಳತೆಪಟ್ಟಿಯಿಂದ ಮೌಸ್‌ನಲ್ಲಿ ಎಳೆದು ತರುವ ನೀಲಿ ಗೆರೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಎಲ್ಲಿದೆ ಅಂತ ಅಂಕಿ ಕಾಣುತ್ತದೆ. ಎರಡರ ನಡುವೆ 150 ಬರಬೇಕು. 149.2 ಬಂದರೆ ಚಿತ್ರದ ಅಗಲವನ್ನು 150 ಭಾಗಿಸು 149.2ರಿಂದ ಗುಣಿಸಿ, ಮೇಲಿನ ಡಬ್ಲ್ಯೂ ಚೌಕದಲ್ಲಿ ಹಾಕಿ. ಎತ್ತರಕ್ಕೂ ಇದೇ ಪರೀಕ್ಷೆಯನ್ನು ಬೇರೆಯಾಗಿ ಮಾಡಿ. ಸ್ಕ್ಯಾನರ್‌ನ ತಲೆ ಓಡುವ ದಿಕ್ಕಿನಲ್ಲಿ ಅಳತೆ ಚೂರು ತಪ್ಪುವುದುಂಟು.

ಆಮೇಲೆ ಚಿತ್ರದ ಪದರವನ್ನು ಅರ್ಧ ಮಸುಕು ಮಾಡಿ, ಬೀಗ ಹಾಕಿ. ಮೇಲೆ ಮೂರು ಹೊಸ ಪದರ ಮಾಡಿ: ಗೆರೆಗಳಿಗೆ ಒಂದು, ಅಂಕಿಗಳಿಗೆ ಒಂದು, ಊರಿನ ಹೆಸರುಗಳಿಗೆ ಒಂದು.

ಇಲ್ಲಿ ಒಂದು ಸೆಟ್ಟಿಂಗ್ ಇದೆ, ಅದು ಗೊತ್ತಿಲ್ಲದೆ ನನ್ನ ಒಂದು ಸಂಜೆ ಪೂರ್ತಿ ಹೋಯಿತು. ಇಂಕ್‌ಸ್ಕೇಪ್ ಸಾಮಾನ್ಯವಾಗಿ ವಸ್ತುವಿನ ಜಾಗ ಹೇಳುವಾಗ ಗೆರೆಯ ದಪ್ಪವನ್ನೂ ಸೇರಿಸಿಕೊಳ್ಳುತ್ತದೆ. 0.4 ಮಿಲಿಮೀಟರ್ ದಪ್ಪದ ನಿಂತ ಗೆರೆಗೆ ಎಕ್ಸ್ ಚೌಕದಲ್ಲಿ 100 ಅಂತ ಹಾಕಿದರೆ ಅದರ ಎಡ ಅಂಚು 100ಕ್ಕೆ ಬರುತ್ತದೆ, ನಡುಮಧ್ಯ 100.2ಕ್ಕೆ ಹೋಗುತ್ತದೆ. ತೆಳು ಗೆರೆ ಕಮ್ಮಿ, ದಪ್ಪ ಗೆರೆ ಜಾಸ್ತಿ ಬಲಕ್ಕೆ ಸರಿಯುತ್ತದೆ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಟೂಲ್ಸ್ ಅನ್ನುವಲ್ಲಿ 'ಜಿಯೊಮೆಟ್ರಿಕ್ ಬೌಂಡಿಂಗ್ ಬಾಕ್ಸ್' ಆರಿಸಿ. ಈಗ ಎಕ್ಸ್ ಅಂದರೆ ಗೆರೆಯ ನಡುಮಧ್ಯವೇ.

ಉಳಿದ ಗೆರೆಗಳನ್ನು ಅಳೆಯುವುದು

ಗಾಜಿನ ಮೇಲೆ ಸ್ಪಷ್ಟವಾಗಿ ಉಳಿದಿರುವ ಪ್ರತಿ ಗೆರೆಗೂ ಒಂದು ಗೈಡ್ ತನ್ನಿ. ಚೆನ್ನಾಗಿ ಜೂಮ್ ಮಾಡಿ, ಗೆರೆಯ ಅಂಚಿಗಲ್ಲ, ನಡುವಿಗೆ ಹೊಂದಿಸಿ. ಎಲ್ಲ ಅಳತೆಯೂ ಡಯಲ್ ಪಟ್ಟಿಯ ಎಡ ತುದಿಯಿಂದಲೇ ಇರಲಿ. ಒಂದು ಗೆರೆಯಿಂದ ಮುಂದಿನದಕ್ಕೆ ಅಂತ ಅಳೆಯುತ್ತ ಹೋದರೆ ಪ್ರತಿ ಸಲದ ಚೂರು ತಪ್ಪು ಕೂಡುತ್ತ ಹೋಗುತ್ತದೆ.

ನಮ್ಮ ಗಾಜಿನಲ್ಲಿ ಸಿಕ್ಕಿದ್ದು ಹೀಗೆ. ಎಡ ತುದಿಯಿಂದ 600ರ ಗೆರೆ 33.2 ಮಿಲಿಮೀಟರ್, 700 ಇದ್ದದ್ದು 57.0, 800 ಇದ್ದದ್ದು 78.0, 1000 ಇದ್ದದ್ದು 113.5, 1200 ಇದ್ದದ್ದು 141.0. 900 ಇಲ್ಲ, 1100 ಇಲ್ಲ.

ಮೊದಲ ಸಲ ನಾನು 900ನ್ನು 800 ಮತ್ತು 1000ದ ಸರಿಯಾದ ಮಧ್ಯಕ್ಕೆ ಹಾಕಿದೆ. 95.75. ನೋಡಲು ಏನೂ ತಪ್ಪು ಕಾಣಲಿಲ್ಲ. ಆದರೆ ಬಲಕ್ಕೆ ಹೋದಂತೆ ಅಂತರ ಕಮ್ಮಿ ಆಗುತ್ತಿದೆ ಅಲ್ವಾ? ಹಾಗಿದ್ದರೆ 800ರಿಂದ 900ರ ಜಾಗ ದೊಡ್ಡದು, 900ರಿಂದ 1000ದ ಜಾಗ ಚಿಕ್ಕದು ಇರಲೇಬೇಕು. 900 ಮಧ್ಯಕ್ಕಿಂತ ಬಲಕ್ಕೆ ಬರಬೇಕು. ಎಷ್ಟು ಬಲಕ್ಕೆ?

ಇದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಸಮ ಅಂತರದ ಮೂರು ಫ್ರೀಕ್ವೆನ್ಸಿಗಳ ಗೆರೆ ಗೊತ್ತಿದ್ದರೆ ಸಾಕು. ಮೊದಲ ಎರಡರ ನಡುವಿನದು ಬೇಕಾದರೆ: ಮೊದಲನೆಯದರ ಮೂರು ಪಟ್ಟು, ಎರಡನೆಯದರ ಆರು ಪಟ್ಟು ಕೂಡಿಸಿ, ಮೂರನೆಯದನ್ನು ಕಳೆಯಿರಿ, ಎಂಟರಿಂದ ಭಾಗಿಸಿ.

900ಕ್ಕೆ: 78ರ ಮೂರು ಪಟ್ಟು 234. 113.5ರ ಆರು ಪಟ್ಟು 681. ಕೂಡಿಸಿದರೆ 915. ಅದರಲ್ಲಿ 141 ಕಳೆದರೆ 774. ಎಂಟರಿಂದ ಭಾಗಿಸಿದರೆ 96.75.

1100ಕ್ಕೆ ಇದನ್ನೇ ತಿರುಗಿಸಿ: ಎರಡನೆಯದರ ಆರು ಪಟ್ಟು, ಮೂರನೆಯದರ ಮೂರು ಪಟ್ಟು, ಮೊದಲನೆಯದನ್ನು ಕಳೆಯುವುದು. 681 ಕೂಡಿಸು 423, ಕಳೆ 78. ಬಂದದ್ದು 1026. ಭಾಗಿಸಿದರೆ 128.25.

ನಾನು ಕಣ್ಣಂದಾಜಿನಲ್ಲಿ ಹಾಕಿದ್ದಕ್ಕೂ ಇದಕ್ಕೂ ಪೂರ್ತಿ 1 ಮಿಲಿಮೀಟರ್ ವ್ಯತ್ಯಾಸ. ಒಂದು ಮಿಲಿಮೀಟರ್ ಅಂದರೆ ಆ ಜಾಗದಲ್ಲಿ ಸುಮಾರು 5ರಿಂದ 7 ಕಿಲೋಹರ್ಟ್ಜ್. ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್‌ಗೂ ಪಕ್ಕದ ಚಾನಲ್‌ಗೂ ನಡುವೆ ಇರುವುದೇ 9. ಸಣ್ಣ ಮಾತಲ್ಲ.

ಸರಿ ಬಂತಾ ಅಂತ ತಿಳಿಯಲು ಅಂತರಗಳನ್ನು ಸಾಲಾಗಿ ಬರೆದು ನೋಡಿ. 800ರಿಂದ 900ಕ್ಕೆ 18.75. ಮುಂದೆ 16.75. ಆಮೇಲೆ 14.75. ಆಮೇಲೆ 12.75. ಪ್ರತಿ ಸಲವೂ 2 ಕಮ್ಮಿ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಏರುಪೇರು ಅಂತ ನಾವು ಕರೆಯುವುದರೊಳಗೇ ಒಂದು ಕ್ರಮ ಇರುತ್ತದೆ. ನಿಮ್ಮ ಸಾಲಿನಲ್ಲಿ ಎಲ್ಲಾದರೂ ಕಮ್ಮಿ ಆಗುತ್ತ ಬಂದ ಅಂತರ ಥಟ್ಟನೆ ಜಾಸ್ತಿ ಆಗಿದ್ದರೆ, ಅಳತೆ ಅಲ್ಲೇ ತಪ್ಪಿದೆ. ಮತ್ತೆ ಜೂಮ್ ಮಾಡಿ ನೋಡಿ.

ನಡುವಿನ 10, 20ರ ಚಿಕ್ಕ ಗೆರೆಗಳಿಗೆ ಕ್ಯಾಲ್ಕ್ ಬೇಕು. ಫ್ರೀಕ್ವೆನ್ಸಿಯಿಂದ 800 ಕಳೆದು 100ರಿಂದ ಭಾಗಿಸಿ, ಬಂದದ್ದನ್ನು 'ಸ' ಅನ್ನೋಣ. ಗೆರೆಯ ಜಾಗ = 78 + 18.75 × ಸ − ಸ × (ಸ − 1). ಇದರಲ್ಲಿ 78 ಅಂದರೆ 800ರ ಜಾಗ, 18.75 ಅಂದರೆ ಮೊದಲ ಅಂತರ. ಕೊನೆಯ ಭಾಗಕ್ಕೆ ಗುಣಕ ಹಾಕಬೇಕು: ಅಂತರ ಪ್ರತಿ ಸಲ ಎಷ್ಟು ಕಮ್ಮಿ ಆಗುತ್ತದೋ ಅದರ ಅರ್ಧ. ನಮ್ಮದರಲ್ಲಿ 2ರ ಅರ್ಧ 1, ಅದಕ್ಕೇ ಬರೆದಿಲ್ಲ. 850 ಬೇಕಾದರೆ ಸ ಅಂದರೆ 0.5, ಜಾಗ 87.63. ಒಂದು ಸಾಲಿಗೆ ಬರೆದು ಕೆಳಗೆ ಎಳೆದರೆ ಎಲ್ಲ ಗೆರೆಗಳೂ ಬಂದುಬಿಡುತ್ತವೆ.

ಇಲ್ಲಿ ಒಂದು ಎಚ್ಚರ ಬೇಕು. ಈ ಲೆಕ್ಕ ಮೂರು ಗೆರೆಗಳ ನಡುವೆ ಮಾತ್ರ ಗಟ್ಟಿ. ಹೊರಗೆ ಹೋದರೆ ಸಡಿಲ. ಇದೇ ಸೂತ್ರ 700ಕ್ಕೆ 57.25 ಹೇಳುತ್ತದೆ, ಗಾಜಿನ ಮೇಲೆ ಇರುವುದು 57.0. ಅದು ನಡೆಯುತ್ತದೆ. 600ಕ್ಕೆ 34.5 ಹೇಳುತ್ತದೆ, ಗಾಜಿನ ಮೇಲೆ 33.2. ಅದು ನಡೆಯುವುದಿಲ್ಲ. ಆದ್ದರಿಂದ ಪ್ರತಿ ಭಾಗಕ್ಕೂ ಅದರ ಹತ್ತಿರದ ಮೂರು ಗೆರೆಗಳನ್ನೇ ಹಿಡಿಯಿರಿ. 600, 700, 800 ಒಂದು ಗುಂಪು. 800, 1000, 1200 ಇನ್ನೊಂದು.

ಮೀಟರ್ ಪಟ್ಟಿ ಉಳಿದಿದ್ದರೆ

ಹಳೆ ಡಯಲ್‌ಗಳಲ್ಲಿ ಕಿಲೋಹರ್ಟ್ಜ್ ಅಥವಾ ಕಿಲೋಸೈಕಲ್ (ಕಿಲೋಹರ್ಟ್ಜ್‌ನ ಹಳೆ ಹೆಸರು) ಪಟ್ಟಿಯ ಜೊತೆಗೆ ತರಂಗದ ಉದ್ದ ತೋರಿಸುವ ಮೀಟರ್ ಪಟ್ಟಿಯೂ ಇರುವುದುಂಟು. ಒಂದು ಹೋಗಿ ಇನ್ನೊಂದು ಉಳಿದಿದ್ದರೆ ನಿಮ್ಮ ಅದೃಷ್ಟ. 2,99,792ನ್ನು ಮೀಟರ್‌ನಿಂದ ಭಾಗಿಸಿದರೆ ಕಿಲೋಹರ್ಟ್ಜ್ ಸಿಗುತ್ತದೆ. 500 ಮೀಟರ್‌ನ ಗೆರೆ ಹೆಚ್ಚುಕಮ್ಮಿ 600ರ ಮೇಲೆ ಬರುತ್ತದೆ, 375 ಮೀಟರ್ 800ರ ಮೇಲೆ, 300 ಮೀಟರ್ 1000ದ ಮೇಲೆ, 250 ಮೀಟರ್ 1200ರ ಮೇಲೆ. ಶಾರ್ಟ್ ವೇವ್‌ಗೂ ಇದೇ ಲೆಕ್ಕ, ಮೆಗಾಹರ್ಟ್ಜ್‌ನಲ್ಲಿ.

ಎಲ್ಲವೂ ಅಳಿಸಿಹೋಗಿದ್ದರೆ

ಗಾಜೇ ಒಡೆದಿದ್ದರೆ ರೇಡಿಯೋವನ್ನೇ ಕೇಳಬೇಕು. ಮುಳ್ಳಿನ ಹಿಂದೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿ. ರೇಡಿಯೋ ಹಚ್ಚಿ ಹತ್ತು ನಿಮಿಷ ಬಿಸಿಯಾಗಲು ಬಿಡಿ. ಒಳಗೆ ಕೈ ಹಾಕುವ ಪ್ರಮೇಯ ಇಲ್ಲದಂತೆ ಪೆನ್ಸಿಲಿಗೆ ಒಂದು ಉದ್ದನೆಯ ಕಟ್ಟಿಗೆ ಕಡ್ಡಿ ಕಟ್ಟಿಕೊಳ್ಳಿ. ಸಂಜೆಯಾದ ಮೇಲೆ ಒಂದೊಂದೇ ಸ್ಟೇಷನ್ ಹಿಡಿದು, ದನಿ ತೀರಾ ಸ್ಪಷ್ಟ ಆದ ಕಡೆ ಗುರುತು ಹಾಕಿ. ನಮ್ಮ ಕಡೆಯವರಿಗೆ ಕಲಬುರಗಿ ಆಕಾಶವಾಣಿ 1107, ಧಾರವಾಡ 765, ಹೈದರಾಬಾದ್ 738, ಬೆಂಗಳೂರು 612. ಸಿಗ್ನಲ್ ಜನರೇಟರ್ (ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಹುಟ್ಟಿಸುವ ಉಪಕರಣ) ಇರುವ ಮೆಕ್ಯಾನಿಕ್ ಗೊತ್ತಿದ್ದರೆ ಇನ್ನೂ ಒಳ್ಳೆಯದು, 100ಕ್ಕೊಂದು ಗುರುತು ನೇರ ಸಿಗುತ್ತದೆ.

ಈ ಅಂಕಿಗಳೆಲ್ಲ 9ರ ಗುಣಕಗಳು. 9 ಸಲ 123 ಅಂದರೆ 1107. 9 ಸಲ 85 ಅಂದರೆ 765. ಮೀಡಿಯಂ ವೇವ್ ಸ್ಟೇಷನ್‌ಗಳು ಈ 9ರ ಲೆಕ್ಕಕ್ಕೆ ಬಂದದ್ದು 1978ರ ನವೆಂಬರ್ 23ರಂದು, ಜಿನೀವಾ ಒಪ್ಪಂದದ ಪ್ರಕಾರ. ಅದಕ್ಕಿಂತ ಹಳೆಯ ಡಯಲ್‌ನಲ್ಲಿ ಊರಿನ ಹೆಸರು ಇಂದಿನ ಫ್ರೀಕ್ವೆನ್ಸಿಗಿಂತ ಸ್ವಲ್ಪ ಸರಿದು ಕಂಡರೆ ಅದು ಡಯಲ್ ತಪ್ಪಲ್ಲ. ಅಂಕಿಯ ಗೆರೆಗಳನ್ನು ನಂಬಿ, ಊರಿನ ಹೆಸರುಗಳನ್ನು ಆಧಾರವಾಗಿ ಹಿಡಿಯಬೇಡಿ.

ಐದಾರು ಗುರುತು ಸಿಕ್ಕ ಮೇಲೆ ಕ್ಯಾಲ್ಕ್‌ನಲ್ಲಿ ಎಕ್ಸ್‌ವೈ ಚಾರ್ಟ್ ಹಾಕಿ, ಟ್ರೆಂಡ್ ಲೈನ್ ಸೇರಿಸಿ, ಪಾಲಿನಾಮಿಯಲ್ 3 ಅಂತ ಕೊಡಿ. 3ಕ್ಕಿಂತ ಮೇಲೆ ಹೋಗಬೇಡಿ. 5 ಕೊಟ್ಟರೆ ಗೆರೆ ಎಲ್ಲ ಗುರುತುಗಳನ್ನೂ ಮುಟ್ಟುತ್ತದೆ, ನಡುವೆ ಮಾತ್ರ ಹಾವಿನಂತೆ ಹೊರಳುತ್ತದೆ. ಇನ್ನೊಂದು ಮಾತು, ಚಾರ್ಟಿಗೆ ಹಾಕುವ ಮೊದಲು ಕಿಲೋಹರ್ಟ್ಜನ್ನು 100ರಿಂದ ಭಾಗಿಸಿಕೊಳ್ಳಿ. ಇಲ್ಲದಿದ್ದರೆ ಸಮೀಕರಣದ ಅಂಕಿಗಳು ತೀರಾ ಚಿಕ್ಕದಾಗಿ, ದಶಾಂಶ ಕತ್ತರಿಸಿಹೋಗಿ ಉತ್ತರ ಕೆಡುತ್ತದೆ.

ಗೆರೆ ಎಳೆಯುವುದು

ಒಂದು ನಿಂತ ಗೆರೆ ಎಳೆಯಿರಿ. ಕಂಟ್ರೋಲ್ ಮತ್ತು ಡಿ ಒತ್ತಿ ನಕಲು ಮಾಡಿ, ಎಕ್ಸ್ ಚೌಕದಲ್ಲಿ ಕ್ಯಾಲ್ಕ್‌ನ ಅಂಕಿ ಹಾಕಿ, ಎಂಟರ್ ಒತ್ತಿ. ಡಯಲ್ ಪಟ್ಟಿಯ ಎಡ ತುದಿ ಪುಟದ ಅಂಚಿನಿಂದ 20 ಮಿಲಿಮೀಟರ್ ಒಳಗಿದ್ದರೆ ಕ್ಯಾಲ್ಕ್‌ನಲ್ಲೇ ಎಲ್ಲಕ್ಕೂ 20 ಸೇರಿಸಿಟ್ಟುಕೊಳ್ಳಿ. ಬೇಸರದ ಕೆಲಸ ಅನ್ನಿಸಬಹುದು, ಆದರೆ ನೂರು ಗೆರೆಗೆ ಅರ್ಧ ಗಂಟೆ ಸಾಕು. ನಾನು 100ರ ಗೆರೆಗೆ 6 ಮಿಲಿಮೀಟರ್ ಉದ್ದ, 0.4 ದಪ್ಪ ಇಟ್ಟೆ. 50ರದ್ದಕ್ಕೆ 4 ಉದ್ದ, 0.3 ದಪ್ಪ. ಚಿಕ್ಕವಕ್ಕೆ ಎರಡೂವರೆ ಉದ್ದ, 0.25 ದಪ್ಪ. ನಿಮ್ಮ ಹಳೆ ಗಾಜು ಏನು ಹೇಳುತ್ತದೋ ಹಾಗೆ ಮಾಡಿ.

ಅಲೈನ್ ಅಂಡ್ ಡಿಸ್ಟ್ರಿಬ್ಯೂಟ್ ಅನ್ನುವ ಕಿಟಕಿಯಲ್ಲಿ ಮೇಲೆ ಕೆಳಗೆ ಸಾಲು ಹೊಂದಿಸುವ ಬಟನ್ ಬಳಸಬಹುದು. ಪಕ್ಕದಲ್ಲೇ ಅಂತರ ಸಮ ಮಾಡುವ ಬಟನ್ ಇದೆ. ಅದನ್ನು ಮುಟ್ಟಬೇಡಿ.

ಅಂಕಿಗಳಿಗೆ ಫಾಂಟ್ ಹುಡುಕುತ್ತ ದಿನ ಕಳೆಯುವುದು ಬೇಡ ಅಂತ ನನ್ನ ಸಲಹೆ. ಹಳೆ ಡಯಲ್‌ನ ಅಂಕಿಗಳು ಬಹಳ ಸಲ ಕೈಯಲ್ಲಿ ಬರೆದವು. ಬೇಕಾಗುವುದು ಹತ್ತೇ ಅಂಕಿ. ಸ್ಕ್ಯಾನ್ ಮೇಲೆ ಪೆನ್ ಟೂಲ್‌ನಲ್ಲಿ ಒಂದೊಂದನ್ನೂ ತಿದ್ದಿ, ನಕಲು ಮಾಡುತ್ತ ಹೋಗಿ. ನಮ್ಮ ಗಾಜಿನ 6ರ ತಲೆ ಸ್ವಲ್ಪ ಒಳಗೆ ಸುತ್ತಿಕೊಂಡಿತ್ತು, 9ರದ್ದು ಹಾಗಿರಲಿಲ್ಲ. ಬರೆದವರ ಕೈ ಅದು. ಹಾಗೇ ಉಳಿಸಿದೆ.

ಡಯಲ್ ಅರ್ಧಚಂದ್ರಾಕಾರ ಇದ್ದರೆ ಮಿಲಿಮೀಟರ್ ಬದಲು ಡಿಗ್ರಿ ಅಳೆಯಬೇಕು, ಲೆಕ್ಕ ಅದೇ. ಮೊದಲ ಗೆರೆಯ ಮೇಲೆ ಒಂದು ಸಲ ಕ್ಲಿಕ್ ಮಾಡಿ, ಸ್ವಲ್ಪ ತಡೆದು ಇನ್ನೊಂದು ಸಲ ಕ್ಲಿಕ್ ಮಾಡಿದರೆ ಒಂದು ಕೂಡಿಸು ಗುರುತು ಕಾಣುತ್ತದೆ. ಅದನ್ನು ಮುಳ್ಳು ತಿರುಗುವ ಕೇಂದ್ರಕ್ಕೆ ಎಳೆದಿಡಿ. ಆಮೇಲೆ ಪ್ರತಿ ಸಲವೂ ಆ ಮೊದಲ ಗೆರೆಯನ್ನೇ ನಕಲು ಮಾಡಿ, ಟ್ರಾನ್ಸ್‌ಫಾರ್ಮ್ ಕಿಟಕಿಯ ರೊಟೇಟ್‌ನಲ್ಲಿ ಡಿಗ್ರಿ ಹಾಕಿ. ಹಳೆ ಮಲ್ಟಿಮೀಟರ್‌ನ ಓಮ್ ಪಟ್ಟಿಗೂ ಇದೇ ದಾರಿ. ಅದರ ಸೂತ್ರ ಇನ್ನೂ ಸುಲಭ: ಪಟ್ಟಿಯ ನಟ್ಟನಡುವೆ 20 ಇದ್ದರೆ, ಮುಳ್ಳು ಎಷ್ಟು ಪಾಲು ಏಳುತ್ತದೆ ಅನ್ನುವುದು 20ನ್ನು '20 ಮತ್ತು ಆ ಓಮ್'ನ ಮೊತ್ತದಿಂದ ಭಾಗಿಸಿದಷ್ಟು. 60 ಓಮ್ ಆದರೆ ಕಾಲು ಪಾಲು.

ಅಚ್ಚು ಹಾಕಿಸುವುದು

ಅಂಗಡಿಗೆ ಹೋಗುವ ಮೊದಲು ಎಲ್ಲವನ್ನೂ ಆರಿಸಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ (ಅಕ್ಷರಗಳು ಫಾಂಟ್ ಬೇಡದ ಆಕಾರಗಳಾಗುತ್ತವೆ), ಪಿಡಿಎಫ್ ಆಗಿ ಉಳಿಸಿ. ಮೂಲ ಫೈಲ್ ಬೇರೆ ಇರಲಿ. ಪಿಡಿಎಫ್‌ನ ಕೆಳಗೆ ಸರಿಯಾಗಿ 100 ಮಿಲಿಮೀಟರ್ ಉದ್ದದ ಒಂದು ಗೆರೆ ಹಾಕಿ, 'ಇದು 100 ಮಿ.ಮೀ.' ಅಂತ ಬರೆಯಿರಿ. ಒಂದು ಅಂಗಡಿಯಲ್ಲಿ ನನ್ನ ಫೈಲನ್ನು 'ಫಿಟ್ ಟು ಪೇಜ್' ಇಟ್ಟು ಪ್ರಿಂಟ್ ತೆಗೆದಿದ್ದರು. ಅದು 97 ಶೇಕಡಾ ಆಗಿ ಬಂತು. 180 ಮಿಲಿಮೀಟರ್‌ನ ಪಟ್ಟಿಯಲ್ಲಿ 5.4 ಮಿಲಿಮೀಟರ್ ಕಮ್ಮಿ. ಆ 100ರ ಗೆರೆಗೆ ಸ್ಕೇಲ್ ಹಚ್ಚಿದ್ದಕ್ಕೇ ಗೊತ್ತಾಯಿತು.

ಯಾವ ವಿಧಾನ ಒಳ್ಳೆಯದು? ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ಸ್ಟಿಕ್ಕರ್ ಕತ್ತರಿಸಿ ಕೊಡುತ್ತಾರೆ, ಆದರೆ 0.3ರ ಗೆರೆ ಅದರಲ್ಲಿ ನಿಲ್ಲುವುದಿಲ್ಲ, ಕಿತ್ತು ಬರುತ್ತದೆ. ಪಾರದರ್ಶಕ ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆದು ಗಾಜಿನ ಹಿಂದೆ ಇಡಬಹುದು, ಕಪ್ಪು ಬರಹಕ್ಕೆ ಚೆನ್ನ. ಕೆನೆಬಣ್ಣದ ಬರಹ ಅದರಲ್ಲಿ ಬರುವುದಿಲ್ಲ. ನನ್ನ ಆಯ್ಕೆ ಲಗ್ನಪತ್ರಿಕೆ ಮಾಡುವವರ ಸ್ಕ್ರೀನ್ ಪ್ರಿಂಟಿಂಗ್. ಅದೇ ದಪ್ಪದ ಹೊಸ ಗಾಜು ಕತ್ತರಿಸಿಕೊಂಡು ಹೋಗಿ, ಗಾಜಿಗೆ ಹಿಡಿಯುವ ಇಂಕಿನಲ್ಲಿ ಹಾಕಿಸಿ. ಹಳೆ ಗಾಜನ್ನು ಹತ್ತಿಯಲ್ಲಿ ಸುತ್ತಿ ಇಟ್ಟುಬಿಡಿ, ಅದರ ಮೇಲೆ ಏನೂ ಮಾಡಿಸಬೇಡಿ. ಹಿಂಬದಿಗೆ ಅಚ್ಚು ಬೀಳುವುದರಿಂದ ಬರಹ ಮೊದಲು, ಅದು ಒಣಗಿದ ಮೇಲೆ ಹಿನ್ನೆಲೆಯ ಗಾಢ ಬಣ್ಣ. ಕಾಗದದ ಮೇಲೆ ಮಾಡುವುದಕ್ಕೆ ಇದು ಉಲ್ಟಾ, ಹಾಗಾಗಿ ಬಿಡಿಸಿ ಹೇಳಿ: 'ಹಿಂದೆ ಬೀಳಬೇಕು, ಮುಂದಿನಿಂದ ಓದಬೇಕು.'

ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ನನ್ನ ಪಿಡಿಎಫ್ ತೆರೆದ ಹುಡುಗ ಸ್ವಲ್ಪ ಹೊತ್ತು ನೋಡಿದ. ಅವನ ಕೈ ಆಗಲೇ ಮೌಸ್ ಮೇಲಿತ್ತು.

"ಸರ್, ಗೆರಿ ಹೆಚ್ಚು ಕಮ್ಮಿ ಬಿದ್ದಾವ್ರಿ. ಸಮ ಮಾಡಿ ಕೊಡ್ಲೇನ್ರಿ? ಒಂದ್ ನಿಮಿಷದ ಕೆಲಸ."

"ಬ್ಯಾಡಪ್ಪಾ, ಅವು ಹಂಗೇ ಇರಬೇಕು. ಸಮ ಮಾಡಿದ್ರ ಸ್ಟೇಷನ್ ಸಿಗಂಗಿಲ್ಲ" ಅಂದೆ.

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು ಅವನು. ಅಂಗಡಿಯಲ್ಲಿ ದಿನಾ ಅದೇ ಕೆಲಸ ಮಾಡುವ ಕೈ. ಅದಕ್ಕೇ ಹೇಳುತ್ತೇನೆ, ಗೆರೆ, ಅಂಕಿ, ಹೆಸರು ಎಲ್ಲವನ್ನೂ ಒಂದೇ ಗುಂಪು ಮಾಡಿ ಕೊಡಿ. 'ಅಂತರ ಮುಟ್ಟಬೇಡಿ, ಅಳತೆ 100 ಶೇಕಡಾ' ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ. ಸ್ಕ್ರೀನ್ ಮಾಡುವ ಮೊದಲು ಕಾಗದದ ಮೇಲೆ ಒಂದು ಪ್ರತಿ ತೆಗೆಸಿಕೊಂಡು ಹಳೆ ಗಾಜಿನ ಕೆಳಗೆ ಇಟ್ಟು ನೋಡಿ. ಉಳಿದ ಗೆರೆಗಳು ಒಂದರ ಮೇಲೊಂದು ಕೂತರೆ ಮಾತ್ರ ಮುಂದುವರಿಯಲು ಹೇಳಿ.

ಕಲಬುರಗಿಯ ಗೆರೆ

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ದೊಡ್ಡಪ್ಪನ ರೇಡಿಯೋ ಅದಕ್ಕಿಂತ ಹಳೆಯದು. ಹಾಗಾಗಿ ಆ ಗಾಜಿನ ಮೇಲೆ ನಮ್ಮ ಊರಿನ ಹೆಸರು ಇರಲೇ ಇಲ್ಲ. ಹಳೆಯದನ್ನು ಇದ್ದ ಹಾಗೇ ಉಳಿಸಬೇಕು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒದ್ದೆ ಬಟ್ಟೆಗೆ ಹೋದ ಆ ಹೆಸರಿನ ಜಾಗ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಅಲ್ಲಿ 'ಕಲಬುರಗಿ' ಅಂತ ಕನ್ನಡದಲ್ಲಿ ಬರೆದು, ಅಲ್ಲಿಂದ 1107ರ ಗುರುತಿಗೆ ಒಂದು ತೆಳು ಗೆರೆ ಎಳೆದೆ. ಸ ಅಂದರೆ 3.07. ಸೂತ್ರ 129.2 ಅಂದಿತು. 1100ರ ಗೆರೆಯಿಂದ ಒಂದು ಮಿಲಿಮೀಟರ್ ಬಲಕ್ಕೆ.

ಗಾಜು ಕೂರಿಸಿದ ಮೇಲೆ ಮುಳ್ಳನ್ನು ಹೊಂದಿಸಬೇಕು. ಮುಳ್ಳು ದಾರಕ್ಕೆ ಒಂದು ಚಿಕ್ಕ ಕ್ಲಿಪ್ಪಿನಲ್ಲಿ ಹಿಡಿದಿರುತ್ತದೆ. ಗೊತ್ತಿರುವ ಒಂದು ಸ್ಟೇಷನ್ ಹಿಡಿದು ನಾಬ್ ಬಿಟ್ಟುಬಿಡಿ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ತಡೆದು, ಮುಳ್ಳನ್ನು ಮಾತ್ರ ದಾರದ ಮೇಲೆ ಮೆಲ್ಲಗೆ ಸರಿಸಿ ಆ ಗೆರೆಗೆ ತನ್ನಿ. ನಾನು 1107ಕ್ಕೆ ಕೂರಿಸಿದೆ. ಮತ್ತೆ ಹಚ್ಚಿ ಎಡಕ್ಕೆ ತಿರುಗಿಸುತ್ತ ಹೋದೆ. ಧಾರವಾಡ ಬಂದಾಗ ಮುಳ್ಳು 760 ಮತ್ತು 770ರ ಗೆರೆಗಳ ನಟ್ಟನಡುವೆ ನಿಂತಿತ್ತು.